ಎಕ್ಸ್‌ಪ್ರೆಸ್‌ಕಾರ್ಡ್ ಸ್ಲಾಟಿಗೆ ಮೆಮೊರಿ ಕಾರ್ಡ್ ರೀಡರ್
ನಿಮ್ಮ ಹಳೆಯ ಲ್ಯಾಪ್‌ಟಾಪಿನಲ್ಲಿ ಖಾಲಿ ಇರುವ 54 ಮಿ.ಮೀ. ಎಕ್ಸ್‌ಪ್ರೆಸ್‌ಕಾರ್ಡ್ ಸ್ಲಾಟಿಗೆ (ಹೆಚ್ಚುವರಿ ಸಾಧನಗಳ ಕಾರ್ಡ್ ತೂರಿಸಲು ಇರುವ ಕಿಂಡಿ), ಕ್ಯಾಮೆರಾದ 64 ಜಿಬಿ ಎಸ್‌ಡಿ ಕಾರ್ಡ್ ಓದುವ ರೀಡರ್ ಹಾಕಬಹುದೇ ಎಂದು ಕೇಳಿದ್ದೀರಿ. ಹಾಕಬಹುದು. 34 ಮಿ.ಮೀ. ಅಗಲದ ರೀಡರನ್ನೇ ಕೊಳ್ಳಿ; ಎರಡೂ ಅಳತೆಗಳಿಗೆ 26 ಪಿನ್ನಿನ ಕನೆಕ್ಟರ್ ಒಂದೇ ಆಗಿರುವುದರಿಂದ, ಮುಂದೆ ಕಿರಿದಾದ ಸ್ಲಾಟಿರುವ ಲ್ಯಾಪ್‌ಟಾಪಿಗೂ ಅದು ಹೊಂದುತ್ತದೆ. ಆದರೆ ಎಕ್ಸ್‌ಪ್ರೆಸ್‌ಕಾರ್ಡಿಗೂ ಹಿಂದಿನ ‘ಪಿಸಿ ಕಾರ್ಡ್’ ಮಾದರಿಯ 68 ಪಿನ್ನಿನ ರೀಡರ್, ಅಗಲ 54 ಮಿ.ಮೀ. ಇದ್ದರೂ, ಇದರಲ್ಲಿ ಕೂರುವುದಿಲ್ಲ. ಸೆಕೆಂಡ್ ಹ್ಯಾಂಡ್ ಕೊಳ್ಳುವುದಾದರೆ ಚಿತ್ರದಲ್ಲಿ ಪಿನ್ನಿನ ತುದಿಯನ್ನೇ ಗಮನಿಸಿ. ಈ ಸ್ಲಾಟಿನೊಳಗೆ ಪಿಸಿಐ ಎಕ್ಸ್‌ಪ್ರೆಸ್ (ಕಂಪ್ಯೂಟರಿನೊಳಗಿನ ವೇಗದ ಸಂಪರ್ಕ) ಮತ್ತು ಯುಎಸ್‌ಬಿ 2.0 ಎರಡೂ ಮಾರ್ಗಗಳಿರುತ್ತವೆ. ಯುಎಸ್‌ಬಿ ಮಾರ್ಗವನ್ನು ಬಳಸುವ ಅಗ್ಗದ ರೀಡರ್‌ಗಳಿಂದ ವೇಗವೇನೂ ಹೆಚ್ಚುವುದಿಲ್ಲ, ಹೊರಗಿನ ಒಂದು ಪೋರ್ಟ್ ಉಳಿಯುತ್ತದೆ, ಅಷ್ಟೆ. ಕಾರ್ಡ್ 32 ಜಿಬಿ ದಾಟಿರುವುದರಿಂದ, ರೀಡರಿಗೆ ಎಸ್‌ಡಿಎಕ್ಸ್‌ಸಿ (32 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡುಗಳ ಮಾದರಿ) ಬೆಂಬಲವಿದೆಯೇ ಎಂಬುದನ್ನು ಪೊಟ್ಟಣದ ಮೇಲೆ ನೋಡಿಕೊಂಡೇ ಹಣ ಕೊಡಿ.