ಪಕ್ಕದವರನ್ನು ಎಬ್ಬಿಸುವ ಮಾತು

ತಮ್ಮಾ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ನೀನು ಚಿತ್ತಾಪುರ ತಾಲ್ಲೂಕಿನವನೆಂದೂ, ಆಗಸ್ಟ್‌ನಲ್ಲಿ ಓದಲು ಶಿಕಾಗೊಗೆ ಹೊರಟಿರುವೆಯೆಂದೂ, ಇದುವರೆಗೆ ವಿಮಾನ ಹತ್ತಿಲ್ಲವೆಂದೂ ತಿಳಿಯಿತು. ಈಗ ಶಿಕಾಗೊದಲ್ಲಿರುವ ನಾನೂ ಆ ಕಡೆಯವನೇ, ಸೇಡಂನವನು, ನಮ್ಮ ಊರುಗಳ ನಡುವೆ ಒಂದು ತಾಸಿನ ದಾರಿಯಷ್ಟೆ. ನೀನು ಅಣ್ಣಾ ಎಂದು ಕರೆದಿರುವುದರಿಂದ ನಾನೂ ಏಕವಚನದಲ್ಲಿಯೇ ಬರೆಯುತ್ತೇನೆ. ಸಾಮಾನು ಎಷ್ಟು ತರಬಹುದು, ರೊಟ್ಟಿಗೂ ಶೇಂಗಾ ಹಿಂಡಿಗೂ (ಚಟ್ನಿಪುಡಿಗೂ) ಬಿಡುತ್ತಾರೆಯೆ, ಇಲ್ಲಿಯ ಚಳಿ ಹೇಗೆ, 14 ತಾಸು ಒಂದೇ ಕಡೆ ಕೂಡುವುದು ಹೇಗೆ ಎಂದೆಲ್ಲ ಕೇಳಿ, ಕಡೆಗೆ ಒಂದು ಸಾಲು ಬರೆದಿದ್ದೀಯೆ: “ಪಕ್ಕದಲ್ಲಿ ಕುಳಿತವರಿಗೆ ನನ್ನಿಂದ ಸ್ವಲ್ಪವೂ ತೊಂದರೆಯಾಗದಂತೆ ಇರಲು ಏನು ಮಾಡಬೇಕು?” ಉಳಿದ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲವರು ನಿನಗೆ ಹತ್ತು ಜನ ಸಿಗುತ್ತಾರೆ. ಈ ಸಾಲಿಗೆ ಮಾತ್ರ ನಾನೇ ಉತ್ತರಿಸಬೇಕು ಎನಿಸಿತು.

ಮೊದಲು ಸಣ್ಣ ಸಂಗತಿಗಳನ್ನು ಮುಗಿಸಿಬಿಡುತ್ತೇನೆ. ಅಮೆರಿಕಕ್ಕೆ ಬರುವ ಹೆಚ್ಚಿನ ವಿಮಾನಗಳಲ್ಲಿ 23 ಕಿಲೋದ ಎರಡು ಪೆಟ್ಟಿಗೆಗಳಿಗೆ ಅವಕಾಶವಿರುತ್ತದೆ, ನಿನ್ನ ಟಿಕೆಟಿನಲ್ಲಿ ಬರೆದಿರುವುದನ್ನು ನೋಡಿಕೋ. ಪವರ್ ಬ್ಯಾಂಕನ್ನು ಕೈಚೀಲದಲ್ಲಿಯೇ ಇಡಬೇಕು, ಪೆಟ್ಟಿಗೆಯಲ್ಲಿ ಹಾಕಬಾರದು. ಉಪ್ಪಿನಕಾಯಿ ಪೆಟ್ಟಿಗೆಯಲ್ಲಿರಲಿ. ಒಣ ಕೊಬ್ಬರಿ ಬಟ್ಟಲನ್ನು ಅವ್ವ ಎಷ್ಟೇ ಪ್ರೀತಿಯಿಂದ ಕೊಟ್ಟರೂ ಮನೆಯಲ್ಲಿಯೇ ಬಿಟ್ಟು ಬಾ, ಅದರ ಎಣ್ಣೆಯಿಂದ ಬೆಂಕಿಯ ಭಯವಿದೆಯೆಂದು ತೆಗೆಸಿಬಿಡುತ್ತಾರೆ. ಆಗಸ್ಟ್‌ನಲ್ಲಿ ಶಿಕಾಗೊದಲ್ಲಿ ಚಳಿ ಇರುವುದಿಲ್ಲ, ಕೋಟನ್ನು ಇಲ್ಲಿಯೇ ಕೊಂಡರಾಯಿತು.

ಇನ್ನು ಕೂಡುವ ವಿಷಯ. ಸಾಮಾನ್ಯ ದರ್ಜೆಯ ಸೀಟಿನ ಅಗಲ 17ರಿಂದ 18 ಅಂಗುಲ. ಮುಂದಿನ ಸೀಟಿನಿಂದ ನಿನ್ನ ಸೀಟಿಗೆ 31 ಅಥವಾ 32 ಅಂಗುಲ ಅಂತರ. ನಮ್ಮ ಕಡೆಯ ಬಸ್ಸಿನಲ್ಲಿ ಮೂವರ ಸೀಟಿನಲ್ಲಿ ನಾಲ್ವರು ಕುಳಿತು ಬಂದವರಿಗೆ ಇದು ಕಡಿಮೆಯೆನಿಸಲಿಕ್ಕಿಲ್ಲ. ಆದರೆ ಬಸ್ಸು ಶಹಾಬಾದಿನಲ್ಲಿಯೋ ವಾಡಿಯಲ್ಲಿಯೋ ನಿಲ್ಲುತ್ತದೆ, ಇಳಿದು ಚಹಾ ಕುಡಿದು ಕಾಲು ಚಾಚಿ ಹತ್ತಬಹುದು. ಇಲ್ಲಿ ಅದು ಸಾಧ್ಯವಿಲ್ಲ. ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲೆ ಇರುವಷ್ಟು ಮಾತ್ರ ಇರುತ್ತದೆ. ನಮ್ಮ ರಾಜ್ಯದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ ಸುಮಾರು 6,300 ಅಡಿ. ಅಂದರೆ ಆ ಶಿಖರದ ಮೇಲೋ ಅದಕ್ಕಿಂತ ಎತ್ತರದಲ್ಲೋ ಒಂದು ಹಗಲು ಪೂರ್ತಿ ಕುರ್ಚಿಯಲ್ಲಿ ಕುಳಿತಂತೆ. ಆ ಒತ್ತಡದ ಏರಿಳಿತದಿಂದಲೇ ಹೊಟ್ಟೆ ಉಬ್ಬರಿಸುತ್ತದೆ, ಇಳಿಯುವಾಗ ಕಿವಿ ಗವ್ವೆನ್ನುತ್ತದೆ, ಅಲುಗಾಡದೆ ಕುಳಿತದ್ದರಿಂದ ಪಾದ ಊದುತ್ತದೆ. ಗಾಳಿಯ ತೇವ ಬಹಳ ಸಲ ಶೇಕಡಾ 20ಕ್ಕಿಂತ ಕಡಿಮೆ. ನಮ್ಮಲ್ಲಿ ಮೇ ತಿಂಗಳ ಮಧ್ಯಾಹ್ನ ಹವೆ ಹೀಗೆಯೇ ಒಣಗಿರುತ್ತದೆ, ಆದರೆ ಬಿಸಿಲು ಸುಡುವುದರಿಂದ ನಾವು ಕೊಡದ ನೀರನ್ನು ಹುಡುಕಿಕೊಂಡು ಹೋಗುತ್ತೇವೆ. ವಿಮಾನದಲ್ಲಿ ತಣ್ಣಗಿರುವುದರಿಂದ ದೇಹ ಒಣಗುತ್ತಿರುವುದು ಗೊತ್ತೇ ಆಗುವುದಿಲ್ಲ. ಬಾಯಾರಲಿ ಬಿಡಲಿ, ತಾಸಿಗೊಮ್ಮೆ ನೀರು ಕೇಳಿ ಕುಡಿ.

ನೀರು ಕುಡಿದರೆ ಏಳಬೇಕಾಗುತ್ತದೆ, ಎದ್ದರೆ ಪಕ್ಕದವರೂ ಏಳಬೇಕಾಗುತ್ತದೆ. ನಿನ್ನ ಪ್ರಶ್ನೆಯ ಗಂಟು ಇಲ್ಲಿಯೇ ಇದೆ.

ನಾನು ಬಂದದ್ದು 2002ರಲ್ಲಿ. ಆಗ ಹೈದರಾಬಾದಿನ ವಿಮಾನ ಬೇಗಂಪೇಟೆಯ ಹಳೆಯ ನಿಲ್ದಾಣದಿಂದಲೇ ಹಾರುತ್ತಿತ್ತು, ನಮ್ಮ ಕಲಬುರಗಿಯಲ್ಲಿ ವಿಮಾನ ನಿಲ್ದಾಣವಾಗುತ್ತದೆಂದು ಯಾರೂ ಕನಸು ಕಂಡಿರಲಿಲ್ಲ. ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಮುಂಬೈಗೆ ಹೋಗಿ, ಅಲ್ಲಿಂದ ಲಂಡನ್ ಮೂಲಕ ಶಿಕಾಗೊಗೆ ಬಂದೆ. ರೈಲಿನಲ್ಲಿ ಸೊಲ್ಲಾಪುರ ದಾಟುವಷ್ಟರಲ್ಲಿ ಎದುರಿಗಿದ್ದವರ ಊರು, ಮಕ್ಕಳು, ಹೊಲದ ತೊಗರಿ ಎಲ್ಲವೂ ತಿಳಿದು, ನನ್ನ ಬುತ್ತಿಯ ರೊಟ್ಟಿ ಅವರ ಕೈಗೂ ಅವರ ಚಪಾತಿ ನನ್ನ ಕೈಗೂ ಬಂದಿದ್ದವು. ಅದೇ ರಾತ್ರಿ ವಿಮಾನದಲ್ಲಿ ಕಿಟಕಿಯ ಬಳಿ ಕುಳಿತಾಗ ಒಂದು ಮಾತೂ ಹೊರಡಲಿಲ್ಲ. ನನ್ನ ಪಕ್ಕದ ನಡುಸೀಟು ಖಾಲಿಯಿತ್ತು, ದಾರಿಯ ಬದಿಗೆ ಲಂಡನ್‌ನಲ್ಲಿ ನೆಲೆಸಿದ್ದ ಒಬ್ಬ ಗುಜರಾತಿ ಹಿರಿಯರು ಕುಳಿತಿದ್ದರು. ಅವರು ಊಟ ಮುಗಿಸಿ, ಮುಂದಿನ ಹಲಗೆಯನ್ನು ಮಡಚಿ, ಕಂಬಳಿ ಹೊದ್ದು ಮಲಗಿದರು. ಅವರ ಮೊಣಕಾಲಿಗೂ ಮುಂದಿನ ಸೀಟಿಗೂ ನಡುವೆ ನನ್ನ ಅಂಗೈಯಷ್ಟು ಜಾಗವಿರಲಿಲ್ಲ. ಮಲಗಿದ ಹಿರಿಯರನ್ನು ಎಬ್ಬಿಸಬಾರದು, ಅವರ ಕಾಲು ದಾಟಬಾರದು ಎಂದು ನಮ್ಮಲ್ಲಿ ಹೇಗೆ ಕಲಿಸುತ್ತಾರೆಂಬುದನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ. ಹೊಟ್ಟೆ ಹಿಡಿದುಕೊಂಡು ಐದು ತಾಸು ಕುಳಿತೆ. ಕಡೆಗೆ ಅವರೇ ಎಚ್ಚರಗೊಂಡು ನನ್ನ ಮುಖ ನೋಡಿ, ಏನನ್ನೂ ಕೇಳದೆ ಎದ್ದು ನಿಂತು ದಾರಿ ಬಿಟ್ಟರು. ನಾನು ತಿರುಗಿ ಬಂದಾಗ, ಯಾವಾಗ ಬೇಕಾದರೂ ಎಬ್ಬಿಸು ಮಗನೇ, ಈ ಸೀಟಿನಲ್ಲಿ ಕುಳಿತವನ ಕೆಲಸವೇ ಏಳುವುದು ಎಂದು ಹಿಂದಿಯಲ್ಲಿ ಹೇಳಿದರು. ಆಮೇಲೆ ತಾವು ಏಳುವಾಗಲೆಲ್ಲ ನನ್ನ ಕಡೆ ನೋಡಿ, ಬರುತ್ತೀಯಾ ಎಂದು ಕಣ್ಣಿನಲ್ಲಿಯೇ ಕೇಳುತ್ತಿದ್ದರು.

ಇಷ್ಟು ಚೆನ್ನಾಗಿ ಕಲಿತ ಪಾಠವನ್ನು ನಾನು ನನ್ನ ಅವ್ವನಿಗೆ ಹೇಳಲಿಲ್ಲ.

2014ರಲ್ಲಿ ನನಗೆ ಮಗ ಹುಟ್ಟಿದ. ಮೊಮ್ಮಗನನ್ನು ತೊಟ್ಟಿಲಿಗೆ ಹಾಕಲು ಅವ್ವ ಬರಬೇಕೆಂದು ನಾನೇ ಹಟ ಹಿಡಿದೆ. ತೊಗರಿಯ ರಾಶಿ ಬಿಟ್ಟು ಅಪ್ಪ ಬರುವಂತಿರಲಿಲ್ಲ, 63 ವರ್ಷದ ಅವ್ವ ಒಬ್ಬಳೇ ಹೈದರಾಬಾದಿನಿಂದ ಹೊರಟಳು. ಕೊಲ್ಲಿಯ ಒಂದು ಊರಿನಲ್ಲಿ ವಿಮಾನ ಬದಲಿಸಿ, ಅಲ್ಲಿಂದ 14 ತಾಸಿಗೂ ಹೆಚ್ಚಿನ ದಾರಿ. ನಾನು ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿದ್ದೆ. ಗಾಲಿಕುರ್ಚಿಗೆ ಹೇಳಿದ್ದೆ, ಸಸ್ಯಾಹಾರದ ಊಟವನ್ನು ಮುಂಚೆಯೇ ಬರೆಸಿದ್ದೆ, ಪಾಸ್‌ಪೋರ್ಟಿನ ಚೀಲದಲ್ಲಿ ನನ್ನ ಫೋನ್ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆಸಿಟ್ಟಿದ್ದೆ. ಮೋಡ ನೋಡಿಕೊಂಡು ಬರಲಿ ಎಂದು ಹೆಚ್ಚಿನ ಹಣ ಕೊಟ್ಟು ಕಿಟಕಿಯ ಸೀಟನ್ನು ಕಾಯ್ದಿರಿಸಿದ್ದೆ. ಆ ಸೀಟನ್ನು ಆರಿಸಿದ ಕೈ ನನ್ನದೇ ಎಂಬುದು ಇಂದಿಗೂ ನನ್ನನ್ನು ಬಿಟ್ಟಿಲ್ಲ.

ಶಿಕಾಗೊದಲ್ಲಿ ಗಾಲಿಕುರ್ಚಿಯ ಮೇಲೆ ಹೊರಬಂದ ಅವ್ವನ ಚಪ್ಪಲಿಗಳು ಕಾಲಿನಲ್ಲಿರಲಿಲ್ಲ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಪಾದಗಳು ಊದಿ ಕಾಲುಂಗುರಗಳು ಮಾಂಸದೊಳಗೆ ಹೂತಿದ್ದವು. ತುಟಿ ಒಡೆದಿತ್ತು. ಏನಾಯಿತೆಂದು ಕೇಳಿದರೆ, “ಬಾಜೂಕ ಇಬ್ಬರು ಗಂಡಸರು ಮಲಗಿದ್ರಪ್ಪ, ಅವರ ಕಾಲ ದಾಟಿ ಹ್ಯಾಂಗ ಹೋಗ್ಲಿ? ನೀರ ಕುಡದರ ಏಳಬೇಕಾಗ್ತದಂತ ನೀರೇ ಕುಡೀಲಿಲ್ಲ” ಎಂದಳು. ಆ 14 ತಾಸಿನಲ್ಲಿ ಅವ್ವ ಎದ್ದದ್ದು ಒಂದೇ ಸಲ, ಅದೂ ಆ ಇಬ್ಬರೂ ತಾವಾಗಿ ಎದ್ದು ಹೋದಾಗ. ಅವರನ್ನು ನಾನು ದೂರುವುದಿಲ್ಲ. ಒಳಗೆ ಕುಳಿತ ಹೆಣ್ಣುಮಗಳು ಸುಮ್ಮನಿದ್ದರೆ ಅವಳಿಗೆ ಏನೂ ಬೇಕಿಲ್ಲವೆಂದೇ ಅವರು ತಿಳಿಯುತ್ತಾರೆ.

ಮೂರನೆಯ ದಿನ ಬಲಗಾಲಿನ ಮೀನಖಂಡ ಬಿಗಿದು ಕೆಂಪಗಾಗಿ ಮುಟ್ಟಿದರೆ ಬಿಸಿಯಾಗಿತ್ತು. ಆಸ್ಪತ್ರೆಯಲ್ಲಿ ಪರೀಕ್ಷಿಸಿ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು. ವಯಸ್ಸೂ ಒಂದು ಕಾರಣವಿರಬಹುದು, ಅಲುಗಾಡದೆ ಕುಳಿತದ್ದು ಮುಖ್ಯ ಕಾರಣ ಎಂದು ವೈದ್ಯರು ವಿವರಿಸಿದರು. ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಓದಿದ್ದು ಆಮೇಲೆ. ನಾಲ್ಕು ತಾಸು ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಪ್ರಯಾಣದಲ್ಲಿ ಕುಳಿತರೆ ಈ ಅಪಾಯ ಸುಮಾರು ಎರಡು ಪಟ್ಟಾಗುತ್ತದೆ, ಆದರೂ ಅದು 6,000 ಜನರಲ್ಲಿ ಒಬ್ಬರಿಗೆ ಆಗುವಂಥದ್ದು ಎಂದು ಅದರಲ್ಲಿದೆ. ವಿಮಾನದಲ್ಲಷ್ಟೇ ಅಲ್ಲ, ಬಸ್ಸು, ರೈಲು, ಕಾರಿನಲ್ಲಿ ಅಲುಗಾಡದೆ ಕುಳಿತರೂ ಹೀಗಾಗಬಹುದಂತೆ. ನೀನು ಚಿಕ್ಕವನು, ಹೆದರಬೇಕಾದ ಕಾರಣವಿಲ್ಲ. ಎರಡು ತಾಸಿಗೊಮ್ಮೆ ಎದ್ದು ನಡೆದರೆ, ಕುಳಿತಲ್ಲಿಯೇ ಹಿಮ್ಮಡಿಯನ್ನು ಮೇಲೆ ಕೆಳಗೆ ಮಾಡುತ್ತಿದ್ದರೆ ಸಾಕು. ಆದರೆ ಆ 6,000ದಲ್ಲಿ ಒಬ್ಬಳಾಗಿ ನನ್ನ ಅವ್ವ ನನ್ನ ಮನೆಗೆ ಬಂದಿದ್ದಳು. ಮೊಮ್ಮಗನನ್ನು ತೊಟ್ಟಿಲಿಗೆ ಹಾಕುವ ದಿನ ಅವಳು ಕಾಲನ್ನು ದಿಂಬಿನ ಮೇಲೆ ಎತ್ತಿಟ್ಟುಕೊಂಡು ಕುರ್ಚಿಯಲ್ಲಿಯೇ ಕುಳಿತು ಜೋಗುಳ ಹಾಡಿದಳು. ತೊಟ್ಟಿಲು ತೂಗಿದವರು ಪಕ್ಕದ ಮನೆಯವರು.

ಅವಳಿಗೆ ನಾನು ಏಕೆ ಹೇಳಲಿಲ್ಲ ಎಂದು ಬಹಳ ಸಲ ಯೋಚಿಸಿದ್ದೇನೆ. ಫೋನಿನಲ್ಲಿ ಅರ್ಧ ತಾಸು ಸಾಮಾನಿನ ತೂಕದ ಬಗ್ಗೆ ಮಾತನಾಡಿದ ಮಗನಿಗೆ, ಅವ್ವಾ, ಒಂದಕ್ಕೆ ಬಂದರೆ ಪಕ್ಕದವರ ಭುಜ ಮುಟ್ಟಿ ಎಬ್ಬಿಸು ಎಂಬ ಮಾತು ಬಾಯಿಗೆ ಬರಲಿಲ್ಲ. ಮಗ ತಾಯಿಗೆ ಹೇಳುವ ಮಾತಲ್ಲವೆಂದು ನಾಚಿದೆ. ಹೇಳದಿದ್ದರೂ ಅವಳಿಗೆ ತಿಳಿಯುತ್ತದೆ ಎಂದೂ ಅಂದುಕೊಂಡೆ. ನನಗೇ 24ನೆಯ ವಯಸ್ಸಿನಲ್ಲಿ ತಿಳಿದಿರಲಿಲ್ಲವೆಂಬುದನ್ನು ಮರೆತಿದ್ದೆ.

ಆದ್ದರಿಂದ ನಿನಗೆ ನಾನು ಹೇಳುವುದು ಇದು: ಪಕ್ಕದವರಿಗೆ ಸ್ವಲ್ಪವೂ ತೊಂದರೆಯಾಗದಂತೆ ಕೂಡಬೇಡ. ಏಳಬೇಕೆನಿಸಿದರೆ ಭುಜವನ್ನು ಮೆಲ್ಲಗೆ ಮುಟ್ಟಿ ‘ಎಕ್ಸ್‌ಕ್ಯೂಸ್ ಮಿ’ ಎನ್ನು, ಅವರು ಎದ್ದು ನಿಲ್ಲುವವರೆಗೆ ಕಾಯಿ, ಬಂದ ಮೇಲೆ ‘ಥ್ಯಾಂಕ್ ಯೂ’ ಎನ್ನು. ಅವರ ಮೇಲಿಂದ ಹಾರಿ ಹೋಗುವ ಸಾಹಸ ಬೇಡ. ಸೀಟನ್ನು ಹಿಂದಕ್ಕೆ ಒರಗಿಸುವ ಮುಂಚೆ ಹಿಂದಿನವರು ಊಟ ಮಾಡುತ್ತಿದ್ದಾರೆಯೆ ಎಂದು ತಿರುಗಿ ನೋಡಿ, ನಿಧಾನವಾಗಿ ಒರಗಿಸು. ನಡುಸೀಟಿನವರಿಗೆ ಕಿಟಕಿಯೂ ಇಲ್ಲ, ದಾರಿಯೂ ಇಲ್ಲ, ಅದಕ್ಕೆ ಎರಡೂ ಕಡೆಯ ಕೈಯಾಸರೆಯನ್ನು ಅವರಿಗೆ ಬಿಟ್ಟುಕೊಡುವುದು ಒಳ್ಳೆಯ ರೂಢಿ. ಕೂಸು ಅತ್ತರೆ ತಾಯಿಯ ಕಡೆ ದುರುಗುಟ್ಟಿ ನೋಡಬೇಡ, ವಿಮಾನ ಇಳಿಯುವಾಗ ಅದರ ಕಿವಿ ನೋಯುತ್ತಿರುತ್ತದೆ. ನಿನಗೆ ನೋವಾದರೆ ಉಗುಳು ನುಂಗು ಅಥವಾ ಪೆಪ್ಪರಮಿಂಟ್ ಚೀಪು. ಬೂಟು ಬಿಚ್ಚಿದರೆ ಕಾಲುಚೀಲ ಸ್ವಚ್ಛವಾಗಿರಲಿ.

ರೊಟ್ಟಿಯ ಬಗ್ಗೆ ಕೇಳಿದ್ದೀಯೆ. ಖಡಕ್ ರೊಟ್ಟಿ ಕೈಚೀಲದಲ್ಲಿರಲಿ, ಯಾರೂ ಬೇಡವೆನ್ನುವುದಿಲ್ಲ. ಆದರೆ ಶೇಂಗಾ ಹಿಂಡಿಯ ಡಬ್ಬಿಯನ್ನು ಪೆಟ್ಟಿಗೆಯಲ್ಲಿಯೇ ಇಡು. ಶೇಂಗಾದಿಂದ ಕೆಲವರಿಗೆ ಉಸಿರು ಕಟ್ಟುವಷ್ಟು ಅಲರ್ಜಿ ಇರುತ್ತದೆ, ಇಲ್ಲಿ ಅದನ್ನು ಬಹಳ ಗಂಭೀರವಾಗಿ ನೋಡುತ್ತಾರೆ. ನಮ್ಮ ಊರಿನಲ್ಲಿ ಶೇಂಗಾ ಇಲ್ಲದ ಬುತ್ತಿಯೇ ಇಲ್ಲ, ಹಾಗಾಗಿ ನಮಗೆ ಇದು ತಟ್ಟನೆ ಹೊಳೆಯುವುದಿಲ್ಲ. ಹಿಂಡಿಯಿಲ್ಲದೆ ರೊಟ್ಟಿ ಇಳಿಯದೆಂದು ಸ್ವಲ್ಪ ಕೈಯಲ್ಲಿ ತಂದರೆ, ಬಿಚ್ಚುವ ಮುಂಚೆ ಪಕ್ಕದವರನ್ನು ಕೇಳು. ವಿಮಾನದ ಊಟ ಸಪ್ಪೆಯಾಗಿಯೇ ಇರುತ್ತದೆ, ಒಣ ಗಾಳಿಯಲ್ಲಿ ನಾಲಿಗೆಗೂ ಮೂಗಿಗೂ ರುಚಿ ಹತ್ತುವುದಿಲ್ಲ.

ಸೀಟು ಆರಿಸುವಾಗ ನನ್ನ ಮಾತು ಕೇಳು. ಸಾಲಿಗೆ ಹತ್ತು ಸೀಟುಗಳಿರುವ ದೊಡ್ಡ ವಿಮಾನದಲ್ಲಿ ಸಾಮಾನ್ಯವಾಗಿ ಸಿ, ಡಿ, ಜಿ, ಎಚ್ ಅಕ್ಷರದವು ದಾರಿಯ ಬದಿಯವು. ಸಿ ಮತ್ತು ಎಚ್‌ನಲ್ಲಿ ಕುಳಿತವರು ಒಳಗಿನ ಇಬ್ಬರಿಗಾಗಿ ಏಳಬೇಕು. ನಡುವಿನ ನಾಲ್ಕರ ಸಾಲಿನ ಡಿ ಅಥವಾ ಜಿ ಹಿಡಿದರೆ ಒಳಗಿನವರು ಇಬ್ಬರೂ ತಮ್ಮ ತಮ್ಮ ಕಡೆಯಿಂದ ಹೊರಬರುವುದರಿಂದ ನಿನ್ನನ್ನು ಎಬ್ಬಿಸುವವರು ಒಬ್ಬರೇ.

ಓದು ಮುಗಿಯುವಾಗ ಅಪ್ಪ ಅವ್ವನನ್ನು ಕರೆಸುವ ಆಸೆ ಬರೆದಿದ್ದೀಯೆ. ಕರೆಸು. ವಿಮೆ ಮಾಡಿಸು. ಅವರಿಗೂ ದಾರಿಯ ಬದಿಯ ಸೀಟನ್ನೇ ಕೊಡಿಸು, ಮೋಡವನ್ನು ಅವರು ನಮ್ಮ ಹೊಲದಲ್ಲಿ ನಿಂತೇ ಬೇಕಾದಷ್ಟು ನೋಡಿದ್ದಾರೆ. ಆದರೆ ಕೌಂಟರಿನಲ್ಲಿ ಸೀಟು ಬದಲಾಗುವುದುಂಟು. ಅದಕ್ಕೇ ನಾನು ಅವ್ವ ಹಿಂದಿರುಗುವ ಮುನ್ನ ನಮ್ಮ ಪಡಸಾಲೆಯಲ್ಲಿ ಮೂರು ಕುರ್ಚಿಗಳನ್ನು ಗೋಡೆಗೆ ತಾಗಿಸಿ ಸಾಲಾಗಿ ಇಟ್ಟೆ. ಗೋಡೆಯ ಬದಿಗೆ ಅವ್ವ, ನಡುವೆ ನನ್ನ ಹೆಂಡತಿ, ಹೊರಗೆ ನಾನು. ನಾವಿಬ್ಬರೂ ಕಣ್ಣು ಮುಚ್ಚಿ ಮಲಗಿದವರಂತೆ ಕುಳಿತೆವು. ಅವ್ವ ಸೆರಗನ್ನು ಬಾಯಿಗೆ ಹಿಡಿದು ನಗುತ್ತಲೇ ಇದ್ದಳು. ಮೊದಲ ಸಲ ಕೆಮ್ಮಿದಳು. ಎರಡನೆಯ ಸಲ ಬಳೆ ಸಪ್ಪಳ ಮಾಡಿದಳು. ಮೂರನೆಯ ಸಲ ಸೊಸೆಯ ಭುಜವನ್ನು ಎರಡು ಬೆರಳಿನಿಂದ ಮುಟ್ಟಿ, ‘ಎಸ್ಕೂಜ್ ಮಿ’ ಎಂದಳು.

ಹೈದರಾಬಾದಿಗೆ ಇಳಿದ ಮೇಲೆ ಫೋನ್ ಮಾಡಿದಳು. ದಾರಿಯ ಬದಿಯ ಸೀಟೇ ಸಿಕ್ಕಿತ್ತಂತೆ. “ಒಳಗ ಒಂದು ಸಣ್ಣ ಹುಡುಗಿ ಕುಂತಿತ್ತಪ್ಪ, ಸಂಕೋಚ ಮಾಡಿಕೋತ ಇತ್ತು. ಏಳ್ತೀಯೇನವ್ವ ಅಂತ ನಾನೇ ಕೈ ಮಾಡಿ ಕೇಳಿ ಎರಡು ಸಲ ದಾರಿ ಬಿಟ್ಟೆ” ಎಂದಳು. ಮತ್ತೆ ಕರೆದರೆ ಬರಲಿಲ್ಲ, ಆ ಕುರ್ಚಿ ನನಗ ಬ್ಯಾಡಪ್ಪ ಎನ್ನುತ್ತಿದ್ದಳು. 2019ರಲ್ಲಿ ತೀರಿಕೊಂಡಳು. ಅಷ್ಟರೊಳಗೆ ನನ್ನ ಮಗ ಅವಳನ್ನು ನೋಡಿದ್ದು ನಾವು ಊರಿಗೆ ಹೋದ ಎರಡು ಬೇಸಿಗೆಗಳಲ್ಲಿ ಮಾತ್ರ.

ಹೊರಡುವ ಹಿಂದಿನ ದಿನ ನಿನ್ನ ಸೀಟಿನ ಅಕ್ಷರವನ್ನೂ ವಿಮಾನ ಇಳಿಯುವ ವೇಳೆಯನ್ನೂ ಬರೆದು ಕಳಿಸು. ಆಗಸ್ಟ್‌ನಲ್ಲಿ ಶಿಕಾಗೊ ನಮ್ಮ ಊರಿಗಿಂತ ಹತ್ತೂವರೆ ತಾಸು ಹಿಂದಿರುತ್ತದೆ, ಲೆಕ್ಕ ಹಾಕಿಕೊಂಡು ಅವ್ವನಿಗೆ ಫೋನ್ ಮಾಡು. ನಿನ್ನನ್ನು ಕರೆದುಕೊಂಡು ಬರಲು ನಾನು ನಿಲ್ದಾಣಕ್ಕೆ ಬಂದಿರುತ್ತೇನೆ.