ಇಂಗ್ಲೆಂಡಿನ ಲೈಬ್ರರಿ ಕೆಲಸದ ಬಗ್ಗೆ ಕೇಳಿದ್ದೀಯಲ್ಲ

ನಿನ್ನ ಪತ್ರವನ್ನು ಮಡಿಕೇರಿಯಲ್ಲೇ ಕೂತು ಓದಿದೆ, ತಂಗಿ. ಇಂಗ್ಲೆಂಡಿನಿಂದ ರಜೆಗೆ ಬಂದಿದ್ದೇನೆ. ಮಳೆ ಒಂದೇ ಸಮನೆ ಹೊಯ್ಯುತ್ತಿದೆ, ಕರೆಂಟ್ ಹೋಗಿ ಎರಡು ದಿನ ಆಯಿತು. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಇರುವಷ್ಟರಲ್ಲಿ ಬರೆದುಬಿಡುತ್ತೇನೆ.

ನೀನು ಎಂ.ಲಿಬ್ ಮಾಡಿ ಸೋಮವಾರಪೇಟೆ ಕಡೆ ಪಂಚಾಯಿತಿ ಲೈಬ್ರರಿ ನೋಡಿಕೊಳ್ಳುತ್ತಿದ್ದೀಯ, ಈಗ ಗಂಡನ ಜೊತೆ ಇಂಗ್ಲೆಂಡಿಗೆ ಹೊರಟಿದ್ದೀಯ. ಅಲ್ಲಿನ ಕೌನ್ಸಿಲ್, ಅಂದರೆ ಸ್ಥಳೀಯ ಆಡಳಿತದ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದರೆ ಬಣ್ಣ ನೋಡಿ ಕೀಳಾಗಿ ಕಾಣುತ್ತಾರಾ ಅಂತ ಕೇಳಿದ್ದೀಯ. ಲಿವರ್‌ಪೂಲಿನಲ್ಲಿ ಲೈಬ್ರರಿ ಉರಿಯುವ ವಿಡಿಯೊ ನೋಡಿ ನಿನ್ನ ಅಮ್ಮ ಹೆದರಿದ್ದಾರಂತೆ.

ಅದು 2024ರ ಆಗಸ್ಟ್ 3ರ ರಾತ್ರಿ. ಇಲ್ಲಿ ಕೊಡಗಿನಲ್ಲಿ ಆಟಿ ತಿಂಗಳ ಹದಿನೆಂಟು, ಮದ್ದು ಸೊಪ್ಪಿನ ಪಾಯಸ ಉಣ್ಣುವ ದಿನ. ಆ ಪಾಯಸ ಮಾಡಿದ ಕಥೆಯನ್ನು ನನ್ನ ಅಮ್ಮ ಫೋನಿನಲ್ಲಿ ಹೇಳಿ ಮುಗಿಸಿದ್ದರು. ಮಾರನೇ ಬೆಳಿಗ್ಗೆ ಸುದ್ದಿ ಗೊತ್ತಾಯಿತು, ವಲಸಿಗರ ವಿರುದ್ಧದ ಗಲಭೆಯಲ್ಲಿ ದಂಗೆಕೋರರು ಅಲ್ಲಿನ ಸ್ಪೆಲ್ಲೋ ಲೈಬ್ರರಿಗೆ ಬೆಂಕಿ ಇಟ್ಟಿದ್ದರು. ಆಮೇಲಿನದ್ದನ್ನೂ ನಿನ್ನ ಅಮ್ಮನಿಗೆ ಹೇಳು. ಜನ ಎರಡೂವರೆ ಲಕ್ಷ ಪೌಂಡಿಗಿಂತ ಜಾಸ್ತಿ ಕೂಡಿಸಿಕೊಟ್ಟರು, ಡಿಸೆಂಬರಿನಲ್ಲಿ ಅದೇ ಲೈಬ್ರರಿ ಮತ್ತೆ ಬಾಗಿಲು ತೆರೆಯಿತು. ಬೆಂಕಿ ಇಟ್ಟವರನ್ನು ಊರೆಲ್ಲ ಬೈಯಿತು. ನಾನು ಅಲ್ಲಿನ ಲೈಬ್ರರಿ ಕೆಲಸದ ಹತ್ತೊಂಬತ್ತು ವರ್ಷದಲ್ಲಿ ಜಾಸ್ತಿ ಕಂಡದ್ದು ಬೇರೆ ಥರದ್ದು. ಅದಕ್ಕೆ ಬೈಯೋಣ ಅಂದರೆ ಎದುರಿಗೆ ಒಬ್ಬ ಮನುಷ್ಯನೂ ಸಿಗುವುದಿಲ್ಲ.

ನಾನು ಮೊದಲು ಕೆಲಸ ಮಾಡಿದ ಶಾಖೆಯಲ್ಲಿ ಉರ್ದು, ಪಂಜಾಬಿ, ಗುಜರಾತಿ, ಬಂಗಾಳಿ ಪುಸ್ತಕಗಳೆಲ್ಲ ಒಂದೇ ಕಪಾಟಿನಲ್ಲಿದ್ದವು. ಕಪಾಟು ಇದ್ದದ್ದು ಟಾಯ್ಲೆಟ್ಟಿಗೆ ಹೋಗುವ ಓಣಿಯಲ್ಲಿ. ಯಾರೂ ಒಯ್ಯದ ಪುಸ್ತಕಗಳ ಪಟ್ಟಿಯನ್ನು ಕಂಪ್ಯೂಟರ್ ವರ್ಷಕ್ಕೊಮ್ಮೆ ಕೊಡುತ್ತಿತ್ತು. ಪ್ರತಿ ಸಲ ಆ ಕಪಾಟಿನವೇ ಮೇಲೆ. ಹಾಗಾಗಿ ಮುಂದಿನ ವರ್ಷ ಅದಕ್ಕೆ ದುಡ್ಡು ಕಡಿಮೆ. ಹೊಸ ಪುಸ್ತಕ ಬರುವುದಿಲ್ಲ. ಬೆನ್ನು ಕಿತ್ತುಹೋದ ಅದೇ ಕಾದಂಬರಿಯನ್ನು ಎಷ್ಟು ಸಲ ಓದುತ್ತಾರೆ ಹೇಳು? ಜನ ಬರುವುದು ಬಿಟ್ಟರು. ಆಮೇಲೆ ಮೀಟಿಂಗಿನಲ್ಲಿ, 'ಆ ಸಮುದಾಯಗಳಿಂದ ಬೇಡಿಕೆಯೇ ಇಲ್ಲ' ಅನ್ನುವ ಮಾತು. ಹೇಳಿದವರು ಕೆಟ್ಟವರಲ್ಲ. ನನ್ನ ಮಗಳಿಗೆ ಜ್ವರ ಬಂದಾಗ ಶಿಫ್ಟ್ ಬದಲಾಯಿಸಿಕೊಟ್ಟವರೇ ಅವರು.

ಇದಕ್ಕೆ ಅಲ್ಲಿ ಒಂದು ಹೆಸರಿದೆ, ಸಾಂಸ್ಥಿಕ ವರ್ಣಭೇದ. 1993ರಲ್ಲಿ ಲಂಡನ್ನಿನ ಬಸ್ ಸ್ಟಾಪಿನಲ್ಲಿ ಸ್ಟೀಫನ್ ಲಾರೆನ್ಸ್ ಎಂಬ 18 ವರ್ಷದ ಕಪ್ಪು ಹುಡುಗನನ್ನು ಬಿಳಿ ಹುಡುಗರ ಗುಂಪು ಇರಿದು ಕೊಂದಿತು. ಪೊಲೀಸರು ತನಿಖೆ ಹಾಳು ಮಾಡಿದರು. 1999ರಲ್ಲಿ ಬಂದ ಮ್ಯಾಕ್‌ಫರ್ಸನ್ ವರದಿ, ಯಾರೂ ಬೇಕೆಂದು ಮಾಡದಿದ್ದರೂ ಅಜ್ಞಾನದಿಂದ, ಯೋಚನೆ ಇಲ್ಲದ ಪದ್ಧತಿಯಿಂದ ಒಂದು ಇಡೀ ಸಂಸ್ಥೆ ಭೇದ ಮಾಡಬಹುದು ಎಂದು ಹೇಳಿತು. ಮರುವರ್ಷದ ಕಾನೂನು ಇಂಥ ಭೇದ ತಡೆಯುವ ಜವಾಬ್ದಾರಿಯನ್ನು ಕೌನ್ಸಿಲ್‌ಗಳ ಮೇಲೂ ಹಾಕಿತು, ಅಂದರೆ ಲೈಬ್ರರಿಗಳ ಮೇಲೂ. ಈಗ ಅದು 2010ರ ಸಮಾನತೆ ಕಾಯ್ದೆಯಲ್ಲಿದೆ. ಕಾನೂನು ಇದ್ದೂ 2015ರ ಸಮೀಕ್ಷೆಯಲ್ಲಿ ಬ್ರಿಟನ್ನಿನ ಲೈಬ್ರರಿ, ಮಾಹಿತಿ ಕ್ಷೇತ್ರದ ನೌಕರರಲ್ಲಿ ಶೇ. 96.7ರಷ್ಟು ಬಿಳಿಯರೇ ಇದ್ದರು.

ಅರ್ಥ ಆಗಲಿಲ್ಲ ಅಂದರೆ ಇಂಗ್ಲೆಂಡ್ ಯಾಕೆ, ಇಲ್ಲೇ ನೋಡು. ನಾನು ಶಾಲೆಗೆ ಹೋಗುವಾಗ ನಮ್ಮ ಕಡೆಯ ಲೈಬ್ರರಿಯಲ್ಲಿ ಸದಸ್ಯರಾಗಲು ಠೇವಣಿ ಕಟ್ಟಬೇಕಿತ್ತು, ಗೊತ್ತಿರುವ ದೊಡ್ಡವರೊಬ್ಬರ ಸಹಿ ಬೇಕಿತ್ತು. ಕಾಫಿ ತೋಟದ ಕೂಲಿಯವರ ಲೈನ್ ಮನೆಯ, ಎರವ ಬುಡಕಟ್ಟಿನ ಹುಡುಗಿಯೊಬ್ಬಳು ನನ್ನ ಬೆಂಚಿನವಳೇ. ಅವಳಿಗೆ ಯಾರು ಸಹಿ ಹಾಕುತ್ತಾರೆ? ನಾನು ಪುಸ್ತಕ ತರುವವರೆಗೆ ಜಗುಲಿಯಲ್ಲಿ ನಿಂತಿರುತ್ತಿದ್ದಳು. ಲೈಬ್ರರಿ ಮಾಮ ಒಂದು ದಿನವೂ ಅವಳನ್ನು ಓಡಿಸಲಿಲ್ಲ. ಒಳಗೆ ಬಾ ಅಂತಲೂ ಕರೆಯಲಿಲ್ಲ. ನಾನೂ ಕರೆಯಲಿಲ್ಲ. ಟಾಯ್ಲೆಟ್ ಓಣಿಯ ಕಪಾಟು ನೋಡಿದ ದಿನವೇ ಇದು ನನಗೆ ಮತ್ತೆ ನೆನಪಾದದ್ದು, ಮಾರಾಯ್ತಿ.

ವಿಷಯದ ಪ್ರಕಾರ ಪುಸ್ತಕ ಜೋಡಿಸಲು ನೀನು ಬಾಯಿಪಾಠ ಮಾಡಿದ ಡ್ಯೂಯಿ ನಂಬರುಗಳನ್ನೇ ನೋಡು. ಧರ್ಮದ 200ರಲ್ಲಿ 220ರಿಂದ 280ರವರೆಗೆ ಕ್ರೈಸ್ತರದ್ದು, ಮಿಕ್ಕ ಲೋಕಕ್ಕೆಲ್ಲ 290. ಇಂಗ್ಲಿಷ್ ಸಾಹಿತ್ಯಕ್ಕೆ ಇಡೀ 820, ಕನ್ನಡಕ್ಕೆ 894.814. ಈ ನಂಬರು ಮಾಡಿದ ಡ್ಯೂಯಿಯ ವರ್ಣಭೇದದ ನಡತೆಯ ಕಾರಣಕ್ಕೂ ಅಮೆರಿಕದ ಲೈಬ್ರರಿ ಸಂಘ 2019ರಲ್ಲಿ ತನ್ನ ಪದಕದಿಂದ ಅವನ ಹೆಸರು ತೆಗೆಯಿತು. ನಂಬರು ಮಾತ್ರ ಹಾಗೇ ಇದೆ. ನಮ್ಮ ಶಾಖೆಯ ಸದಸ್ಯತ್ವದ ಫಾರಂನಲ್ಲಿ ಮನೆಮಾತು ಕೇಳುವ ಕಡೆ ಕನ್ನಡ ಇರಲಿಲ್ಲ, ನಾನು 'ಇತರೆ'. ಬ್ರಿಟಿಷ್ ಮ್ಯೂಸಿಯಂ 1910ರಲ್ಲೇ ತನ್ನಲ್ಲಿರುವ ಕನ್ನಡ, ಬಡಗ, ಕೊಡವ ಪುಸ್ತಕಗಳ ಪಟ್ಟಿ ಅಚ್ಚು ಹಾಕಿಸಿತ್ತು ಅಂತ ಹೇಳಿದಾಗ ಮ್ಯಾನೇಜರ್ ನಕ್ಕರು.

ಸರಿ, ನೀನು ಏನು ಮಾಡಬೇಕು? ಮೊದಲ ತಿಂಗಳೇ ಯೂನಿಯನ್ ಸೇರು. ಕೌನ್ಸಿಲ್ ನೌಕರರು ಜಾಸ್ತಿ ಇರುವುದು ಯೂನಿಸನ್‌ನಲ್ಲಿ. ನೋವಾಗುವ ಮಾತು ಕೇಳಿದರೆ ತಾರೀಕು ಹಾಕಿ ಬರೆದಿಡು. ನೌಕರರ ದೂರು ಕೇಳುವ ಟ್ರಿಬ್ಯೂನಲ್‌ಗೆ ಹೋಗಲು ಗಡುವು ಚಿಕ್ಕದು, ಅದಕ್ಕೂ ಮೊದಲು ಏಕಾಸ್ ಎಂಬ ಸಂಧಾನ ಸಂಸ್ಥೆಗೆ ತಿಳಿಸಬೇಕು. ಸುಮ್ನೆ ಕಾಯುತ್ತಾ ಕೂತರೆ ದಿನ ಮುಗಿದುಹೋಗುತ್ತದೆ. ಇನ್ನೊಂದು, ಎಲ್ಲದಕ್ಕೂ ನೀನೇ 'ಏಷ್ಯನ್ ಹೆಂಗಸು' ಆಗಬೇಡ. ದೀಪಾವಳಿ ಅಲಂಕಾರ, ಪುಕ್ಕಟೆ ಅನುವಾದ, ಪೋಸ್ಟರಿಗೆ ಫೋಟೊ, ಎಲ್ಲಕ್ಕೂ ಕರೆಯುತ್ತಾರೆ. ಪುಸ್ತಕ ಕೊಳ್ಳುವ ಸಮಿತಿಗೆ ಮಾತ್ರ ಕರೆಯುವುದಿಲ್ಲ. ನೀನು ಕೇಳಬೇಕಾದದ್ದು ಆ ಕುರ್ಚಿಯನ್ನೇ.

ವಾದ ಮಾಡುವಾಗ ಅವರ ಲೆಕ್ಕವನ್ನೇ ಹಿಡಿ. ನಾನೂ ಒಬ್ಬ ಪಂಜಾಬಿ ಗೆಳತಿಯೂ ಆ ಕಪಾಟಿನ ಬಗ್ಗೆ ಭಾಷಣ ಮಾಡಲಿಲ್ಲ. ಇಲ್ಲಿಗೆ ಕೊನೆಯ ಹೊಸ ಪುಸ್ತಕ ಬಂದದ್ದು ಯಾವಾಗ ಅಂತ ಇಮೇಲಿನಲ್ಲಿ ಒಂದೇ ಪ್ರಶ್ನೆ ಕೇಳಿದೆವು. ಉತ್ತರಕ್ಕೆ ಬಹಳ ದಿನ ಹಿಡಿಯಿತು. ಉತ್ತರ ಬರೆಯಲು ಅವರಿಗೇ ಮುಜುಗರ ಆಗಿರಬೇಕು. ಮೂರು ತಿಂಗಳ ಮಟ್ಟಿಗೆ ಅಂತ ಕಪಾಟನ್ನು ಮಕ್ಕಳ ವಿಭಾಗದ ಪಕ್ಕ ತಂದರು, ಎರಡು ಭಾಷೆಯ ಮಕ್ಕಳ ಪುಸ್ತಕ ಸ್ವಲ್ಪ ಕೊಂಡರು. ಅಜ್ಜಿಯರು ಮೊಮ್ಮಕ್ಕಳನ್ನು ಕರೆದುಕೊಂಡು ಬರತೊಡಗಿದರು. ಪುಸ್ತಕ ಒಯ್ಯುವವರು ಹೆಚ್ಚಾದರು, ಮುಂದಿನ ವರ್ಷ ಬಜೆಟ್ಟಿನಲ್ಲಿ ಅದಕ್ಕೆ ಒಂದು ಸಾಲು ಬಂತು.

ಈ ಸಲ ರಜೆಗೆ ಹೊರಡುವ ಹಿಂದಿನ ವಾರ ಆ ಶಾಖೆಗೆ ಹೋಗಿದ್ದೆ. ಹೊಸ ಮ್ಯಾನೇಜರ್ ಬಂದಿದ್ದಾರೆ. ಪ್ರಿಂಟರಿಗೆ ಜಾಗ ಬೇಕಂತೆ, ಕಪಾಟು ಮತ್ತೆ ಓಣಿಗೆ ಹೋಗಿದೆ. ವಾಪಸ್ ಹೋದ ಮೇಲೆ ಮತ್ತೆ ಅದೇ ಇಮೇಲ್ ಬರೆಯಬೇಕು.

ಶುಕ್ರವಾರ ಸಂತೆಗೆ ಮಡಿಕೇರಿಗೆ ಬಂದರೆ ಮನೆಗೆ ಬಾ. ಮಕ್ಕಳ ಕನ್ನಡ ಪುಸ್ತಕ ನಾಲ್ಕು ನಿನ್ನ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಹೋಗು, ನನ್ನದರಲ್ಲಿ ಅಮ್ಮ ಕಾಳುಮೆಣಸು, ಕಾಫಿ ಪುಡಿ ತುಂಬಿಸಿ ಜಾಗವೇ ಇಲ್ಲ.