ಊಟ ದೇವಸ್ಥಾನದಲ್ಲಿ, ಖರ್ಚು ದಾರೀಲಿ

ಧರ್ಮಸ್ಥಳ, ಹೊರನಾಡಿಗೆ ಅಷ್ಟೊಂದ್ ಜನ ಬರ್ತಾರಲ್ಲ, ನಿಮ್ ಕಡೆ ಊರುಗಳು ಉದ್ಧಾರ ಆಗಿರ್ಬೇಕು ಅಂತ ಕೇಳಿದ್ರಿ. ನಂದು ಮೂಡಿಗೆರೆ ತಾಲೂಕು, ಚಾರ್ಮಾಡಿ ಘಾಟಿ ಮೇಲ್ಗಡೆ. ಘಾಟಿ ಇಳಿದ್ರೆ ದಕ್ಷಿಣ ಕನ್ನಡ. ಬರೀ ಜಿಲ್ಲೆ ಗಡಿ ಹೌದು, ಆದ್ರೆ ಕೆಳಗಿಳಿದ ಕೂಡ್ಲೇ ತುಳು, ಕುಚ್ಚಲಕ್ಕಿ, ಸೆಕೆ, ಬೇರೆ ಲೋಕಾನೇ ಮಾರಾಯ್ರೇ.

ದುಡ್ಡೆಲ್ಲಾ ದೇವಸ್ಥಾನದ ಮುಂದೇನೇ ಓಡಾಡುತ್ತೆ ಅಂತ ಹೊರಗಿನವ್ರು ಅನ್ಕೋತಾರೆ. ಧರ್ಮಸ್ಥಳ, ಹೊರನಾಡು, ಶೃಂಗೇರಿ ಮೂರ್ ಕಡೇನೂ ಊಟ ಫ್ರೀ, ಎಷ್ಟ್ ಜನ ಬಂದ್ರೂ ಬಡಿಸ್ತಾರೆ, ಉಳ್ಕೊಳ್ಳೋಕೂ ಕಮ್ಮೀಲೇ ಆಗುತ್ತೆ. ಹಾಗಾಗಿ ಭಕ್ತರು ಜೇಬಿಗೆ ಕೈ ಹಾಕೋದು ಜಾಸ್ತಿ ದಾರೀಲೇ. ಕೊಟ್ಟಿಗೆಹಾರ ನೋಡಿ, ಇಲ್ಲಿ ಯಾವ ದೊಡ್ಡ ಕ್ಷೇತ್ರಾನೂ ಇಲ್ಲ, ಆದ್ರೆ ಒಂದ್ ರೋಡು ಘಾಟಿಗಿಳಿಯುತ್ತೆ ಇನ್ನೊಂದು ಕಳಸ-ಹೊರನಾಡಿಗೆ ಹೋಗುತ್ತೆ, ಇಳಿಯೋರೂ ಇಲ್ಲೇ ನೀರ್ ದೋಸೆ ತಿಂತಾರೆ, ತಿರುವಲ್ಲಿ ತಲೆ ತಿರುಗಿ ವಾಂತಿ ಮಾಡ್ಕೊಂಡು ಹತ್ತಿ ಬಂದೋರೂ ಇಲ್ಲೇ ಕಾಫಿ ಕುಡೀತಾರೆ, ಹೋಗ್ತಾ ಕಾಫಿಪುಡಿ, ಏಲಕ್ಕಿ, ಮೆಣಸು, ಜೇನುತುಪ್ಪ ಕಟ್ಟಿಸ್ಕೊಂಡು ಹೋಗ್ತಾರೆ. (ಜೇನೆಲ್ಲಾ ಕಾಡಿಂದೇ ಅಂದ್ರೆ ಮಾತ್ರ ಪೂರ್ತಿ ನಂಬ್ಬೇಡಿ.)

ಕಾಫಿ ದುಡ್ಡು ಬರೋದು ವರ್ಷಕ್ಕೊಂದ್ಸಲ ಕುಯ್ಲು ಮುಗಿದ್ಮೇಲೆ, ಅದೂ ತೋಟ ಇದ್ದೋರಿಗೆ. ತೋಟ ಇಲ್ದೋರಿಗೆ ದಿನಾ ಕಾಸು ಕಾಣ್ಸೋದು ಈ ರೋಡಿಂದ. ಹೋಟೆಲಲ್ಲಿ ದೋಸೆ ಹುಯ್ಯೋರು, ಜೀಪ್ ಓಡ್ಸೋ ಹುಡುಗ್ರು, ಪಂಚರ್ ಅಂಗಡಿ, ಇವ್ರೇ ನೀವ್ ಕೇಳಿದ ಅಭಿವೃದ್ಧಿ. ಅದಕ್ಕೇ 2019ರ ಆಗಸ್ಟಲ್ಲಿ ಗುಡ್ಡ ಕುಸಿದು ಘಾಟಿ ಬಂದ್ ಆದಾಗ ಹೊಡ್ತ ಬಿದ್ದಿದ್ದು ಇವ್ರಿಗೆ. ಆಮೇಲೆ ಸಣ್ಣ ಗಾಡಿ ಬಿಟ್ರು, ಬಸ್ಸು ಲಾರಿಗೆ ತುಂಬಾ ದಿನ ಬಿಡ್ಲೇ ಇಲ್ಲ, ಬಸ್ಸೇ ಬರ್ದಿದ್ರೆ ಯಾರಿಗ್ ದೋಸೆ ಹುಯ್ಯೋದು. ಧರ್ಮಸ್ಥಳಕ್ಕೆ ಹೋಗೋರು ಶಿರಾಡಿ ಘಾಟಿ ಮೇಲೆ ಹೋದ್ರು, ದೇವ್ರಿಗೇನೂ ಜನ ಕಮ್ಮಿ ಆಗ್ಲಿಲ್ಲ.

2023ರ ಜೂನಲ್ಲಿ ಹೆಂಗಸ್ರಿಗೆ ಸರ್ಕಾರಿ ಬಸ್ ಫ್ರೀ ಮಾಡೋ ಶಕ್ತಿ ಯೋಜನೆ ಬಂದ್ಮೇಲೆ ಹೆಂಗಸ್ರ ಗುಂಪು ಜಾಸ್ತಿ ಆಗಿದೆ. ಸೀಟ್ ಸಿಗಲ್ಲ ಅಂತ ನಮ್ಮೋರೇ ಗೊಣಗ್ತಾರೆ, ಆದ್ರೆ ಟಿಕೆಟ್ಟಿನ ದುಡ್ಡು ಉಳೀತಲ್ಲ, ಅದ್ರಲ್ಲಿ ಸ್ವಲ್ಪ ಇಲ್ಲಿ ಬಳೆ ಅಂಗಡಿಗೂ ಬೀಳುತ್ತೆ ಅನ್ನೋದು ನನ್ ಲೆಕ್ಕ.

ಶಿವರಾತ್ರಿ ಟೈಮಲ್ಲಿ ಧರ್ಮಸ್ಥಳಕ್ಕೆ ನಡ್ಕೊಂಡು ಹೋಗೋರನ್ನ ಮಾತ್ರ ಈ ವ್ಯಾಪಾರದ್ ಲೆಕ್ಕಕ್ಕೆ ಸೇರಿಸ್ಬೇಡಿ. ಅವ್ರಿಗೆ ದಾರಿಯುದ್ದಕ್ಕೂ ಊರೋರೇ ಮಜ್ಜಿಗೆ, ಪಾನಕ, ಹಣ್ಣು ಕೊಡ್ತಾರೆ, ಅದು ಪುಣ್ಯದ ಖಾತೆ. ಬೇಜಾರೆಂದ್ರೆ ಲೋಟ ಬಾಟ್ಲಿ ಎಲ್ಲಾ ಘಾಟಿಲೇ ಬಿದ್ದಿರುತ್ತೆ, ಕ್ಲೀನ್ ಮಾಡೋಕೂ ನಮ್ಮೋರೇ ಹೋಗ್ಬೇಕು. ಇಷ್ಟ್ ಜನ ಓಡಾಡೋ ದಾರೀಲಿ ಹೆಂಗಸ್ರಿಗೆ ನೆಟ್ಟಗಿರೋ ಟಾಯ್ಲೆಟ್ ಹುಡ್ಕೋದೇ ಕಷ್ಟ, ಹೋಟೆಲೋರನ್ನ ಕೇಳ್ಕೊಂಡು ಹೋಗ್ಬೇಕು.

ನೀವ್ ಬರೋದಾದ್ರೆ ಜುಲೈ ಆಗಸ್ಟಲ್ಲಿ ಘಾಟಿ ಓಪನ್ ಇದ್ಯಾ ಅಂತ ಕೇಳ್ಕೊಂಡೇ ಹೊರಡಿ. ಹೊರನಾಡಿಗಾದ್ರೆ ಘಾಟಿ ಇಳಿಯೋದೇ ಬೇಡ, ಕೊಟ್ಟಿಗೆಹಾರದಲ್ಲೇ ತಿರುಗಿ.